ಅರೆತಲೆನೋವಿನ ಒಳಗಿನ ಉರಿ

(ಶಾಲಾ ಶತಮಾನೋತ್ಸವದ ಅಂಗವಾಗಿ ಜರಗಿದ ರಕ್ಷಕ-ಶಿಕ್ಷಕ ಸಮಾವೇಶದಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣದ ಪಾಠ)



ನೂರು ವರ್ಷ ತುಂಬಿದ ಶಾಲೆಯ ಹಬ್ಬದಲ್ಲಿ ತಲೆನೋವಿನ ಮಾತೇಕೆ ಎಂದು ನಿಮ್ಮಲ್ಲಿ ಕೆಲವರಿಗೆ ಅನಿಸಿರಬಹುದು. ಕನ್ನಡದ ಉಳಿವಿನ ಕುರಿತು, ಗಡಿಯ ಸಂಕಟಗಳ ಕುರಿತು ನಿನ್ನೆಯಿಂದ ಅನೇಕ ವಿದ್ವಾಂಸರು ಮಾತನಾಡಿದ್ದಾರೆ. ಅವರಿಗಿಂತ ಚೆನ್ನಾಗಿ ಹೇಳುವ ಶಕ್ತಿ ನಮಗಿಲ್ಲ. ನಾವು ವೈದ್ಯರೂ ಅಲ್ಲ. ಸಾಹಿತ್ಯ ಓದಿ, ಬಿ.ಎಡ್. ಮುಗಿಸಿ, ಮೂರು ದಶಕಗಳಿಂದ ಮಕ್ಕಳ ಮುಖ ನೋಡುತ್ತ ಬಂದವರು. ಆ ಮುಖಗಳಲ್ಲಿ ಒಂದನ್ನು ತಪ್ಪಾಗಿ ಓದಿದ್ದೇವೆಂಬ ಅರಿವು ಕಳೆದ ವರ್ಷ ನಮಗಾಯಿತು. ಅಂದಿನಿಂದ ಈ ವಿಷಯದ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆವು, ತಿಳಿಯದ್ದನ್ನು ವೈದ್ಯ ಮಿತ್ರರಲ್ಲಿ ಕೇಳಿದೆವು. ಓದಿ ಕೇಳಿ ತಿಳಿದಷ್ಟನ್ನು ಇಲ್ಲಿ ಹೇಳುತ್ತೇವೆ.

ಸುಮಾರು ಇಪ್ಪತ್ತೆರಡು ವರ್ಷಗಳ ಹಿಂದಿನ ಮಾತು. ಒಂಬತ್ತನೆಯ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ಪಶ್ಚಿಮಕ್ಕೆ ಕಿಟಕಿಗಳಿದ್ದ ಹಳೆಯ ಕಟ್ಟಡದ ಕೊನೆಯ ಕೋಣೆ ಅವರದು. ಊಟದ ಬಿಡುವು ಕಳೆದ ಮೇಲೆ ಬಿಸಿಲು ನೇರವಾಗಿ ಕರಿಹಲಗೆಗೆ ಹೊಡೆದು ಕಣ್ಣು ಕೋರೈಸುತ್ತಿತ್ತು. ತಿಂಗಳಿಗೆ ಎರಡು ಮೂರು ಬಾರಿ ಆ ಹುಡುಗಿ ಮೇಜಿನ ಮೇಲೆ ತಲೆಯಿಟ್ಟು ಮಲಗುವಳು. ಕೇಳಿದರೆ ಒಂದೇ ಉತ್ತರ, "ತಲೆ ಸಿಡಿಯುತ್ತದೆ ಟೀಚರೇ." ಜ್ವರವಿಲ್ಲ, ನೆಗಡಿಯಿಲ್ಲ. ಮಾರನೆಯ ದಿನ ಆಟದ ಮೈದಾನದಲ್ಲಿ ಎಲ್ಲರಿಗಿಂತ ಮುಂದೆ. ಗಣಿತದ ಕಿರುಪರೀಕ್ಷೆಯ ಹಿಂದುಮುಂದಿನ ದಿನಗಳಲ್ಲೇ ಈ ನೋವು ಬರುವುದನ್ನು ನಾವು ಗಮನಿಸಿದೆವು. ಗಮನಿಸಿ, ಅದೊಂದು ಸೋಗೆಂದು ತೀರ್ಮಾನಿಸಿದೆವು. ತರಗತಿಯಲ್ಲಿ ಎಬ್ಬಿಸಿ ನಿಲ್ಲಿಸಿದೆವು. ತಂದೆಯನ್ನು ಕರೆಸಿ ಹೇಳಿದೆವು. ಅವರೂ ನಮ್ಮ ಮಾತನ್ನೇ ನಂಬಿದರು. ಅಧ್ಯಾಪಕರ ಮಾತಿಗೆ ಅಂದು ಅಷ್ಟು ಬೆಲೆಯಿತ್ತು. ಎಸ್.ಎಸ್.ಎಲ್.ಸಿ. ಪರೀಕ್ಷೆಯ ಗಣಿತದ ದಿನ ಅವಳು ಅರ್ಧ ಉತ್ತರಪತ್ರಿಕೆಯನ್ನು ಖಾಲಿ ಬಿಟ್ಟು ಹೊರಬಂದು ಜಗಲಿಯ ಕಂಬಕ್ಕೊರಗಿ ವಾಂತಿ ಮಾಡಿದಳು. ಅವಳ ಓದು ಅಲ್ಲಿಗೇ ನಿಂತಿತು.

ಕಳೆದ ಜೂನ್ ತಿಂಗಳಲ್ಲಿ ಒಬ್ಬ ತಾಯಿ ಎಂಟನೆಯ ತರಗತಿಯ ಮಗಳೊಡನೆ ಕಚೇರಿಗೆ ಬಂದರು. ಕೈಯಲ್ಲಿ ನರರೋಗ ತಜ್ಞರ ಚೀಟಿ. ಮಗಳಿಗೆ ಮೈಗ್ರೇನ್ ಇದೆ, ನೋವು ಬಂದಾಗ ಬೆಳಕಿಲ್ಲದ ಕಡೆ ಮಲಗಿಸಬೇಕು ಎಂಬ ಸಲಹೆ ಅದರಲ್ಲಿತ್ತು. ಚೀಟಿಯನ್ನು ನಮ್ಮ ಮೇಜಿನ ಮೇಲಿಟ್ಟು ಅವರು ಮೆಲ್ಲನೆ, "ಟೀಚರೇ, ಅಂದು ನನಗಿದ್ದದ್ದೂ ಇದೇ" ಎಂದರು. ಆಗಲೇ ನಮಗೆ ಗುರುತು ಹತ್ತಿದ್ದು. ಅವರ ದನಿಯಲ್ಲಿ ಆಕ್ಷೇಪವಿರಲಿಲ್ಲ. ಇದ್ದಿದ್ದರೆ ನಮಗೆ ಸುಲಭವಾಗುತ್ತಿತ್ತು.

ಈ ನೋವಿಗೆ ನಮ್ಮ ನಾಡಿನಲ್ಲಿ ಹೆಸರಿಗೇನೂ ಕೊರತೆಯಿರಲಿಲ್ಲ. ಕನ್ನಡದಲ್ಲಿ ಅರೆತಲೆನೋವು ಎನ್ನುತ್ತೇವೆ. ನೆರೆಯ ಮಲಯಾಳದಲ್ಲಿ ಚೆನ್ನಿಕ್ಕುತ್ತು ಎಂಬ ಮಾತುಂಟು. ಚೆನ್ನಿ ಎಂದರೆ ಕಿವಿಯ ಮುಂದಿನ ಕಪೋಲದ ಮೇಲ್ಭಾಗ, ಕುತ್ತು ಎಂದರೆ ತಿವಿತ. ಕೊಡಿಞ್ಞಿ ಎಂದೂ ಹೇಳುತ್ತಾರೆ. ಚರಕ, ಸುಶ್ರುತ ಸಂಹಿತೆಗಳಲ್ಲಿ ಅರ್ಧಾವಭೇದಕ ಎಂಬ ಹೆಸರಿದೆ. ಹೊತ್ತೇರಿದಂತೆ ಏರುವ ನೋವಿಗೆ ಸೂರ್ಯಾವರ್ತ ಎಂದು ಬೇರೆಯೇ ಹೆಸರು. ಗ್ರೀಕ್ ವೈದ್ಯ ಗ್ಯಾಲೆನ್ ಎರಡನೆಯ ಶತಮಾನದಲ್ಲಿ ಇದನ್ನು ಹೆಮಿಕ್ರೇನಿಯ ಎಂದು ಕರೆದ. ಅದರರ್ಥವೂ ಅರೆತಲೆಯೇ. ಆ ಪದವೇ ಸವೆದು ಸವೆದು ಫ್ರೆಂಚರ ಬಾಯಲ್ಲಿ ಮೈಗ್ರೇನ್ ಆಯಿತು. ಇಷ್ಟು ಭಾಷೆಗಳಲ್ಲಿ ಇಷ್ಟು ಹೆಸರಿದ್ದೂ ತರಗತಿಯಲ್ಲಿ ನಮಗೆ ಹೊಳೆದ ಹೆಸರು ಸೋಗು ಎಂಬುದೊಂದೇ.

ಜಗತ್ತಿನಲ್ಲಿ ನೂರು ಕೋಟಿಗೂ ಮಿಕ್ಕಿದ ಜನರಿಗೆ ಈ ನೋವಿದೆಯೆಂದು ಅಂದಾಜಿಸಲಾಗಿದೆ. ಬೆಂಗಳೂರು ಮತ್ತು ಅದರ ಸುತ್ತಲಿನ ಹಳ್ಳಿಗಳಲ್ಲಿ ನಿಮ್ಹಾನ್ಸ್ ಸಂಸ್ಥೆಯ ತಜ್ಞರು ಮನೆ ಮನೆಗೆ ಹೋಗಿ ಮಾಡಿದ ಸಮೀಕ್ಷೆಯ ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ವಯಸ್ಕರಲ್ಲಿ ಸುಮಾರು ನಾಲ್ವರಿಗೊಬ್ಬರು ಆ ಒಂದು ವರ್ಷದಲ್ಲಿ ಮೈಗ್ರೇನ್ ಅನುಭವಿಸಿದ್ದರು. ಬಾಲ್ಯದಲ್ಲಿ ಹುಡುಗರೂ ಹುಡುಗಿಯರೂ ಹೆಚ್ಚುಕಡಿಮೆ ಸಮಾನವಾಗಿ ಇದಕ್ಕೆ ತುತ್ತಾಗುತ್ತಾರೆ. ಋತುಮತಿಯಾದ ಬಳಿಕ ಹೆಣ್ಣುಮಕ್ಕಳಲ್ಲಿ ಏರಿ, ಪ್ರಾಪ್ತ ವಯಸ್ಸಿನಲ್ಲಿ ಗಂಡಸರಿಗಿಂತ ಎರಡು ಮೂರು ಪಟ್ಟು ಹೆಚ್ಚಾಗುತ್ತದೆ. ಅಂದರೆ ಏಳು, ಎಂಟು, ಒಂಬತ್ತನೆಯ ತರಗತಿಗಳು ಈ ನೋವು ಹೆಣ್ಣುಮಕ್ಕಳಲ್ಲಿ ಬೇರೂರುವ ಕಾಲ. ತಾಯಿಯಲ್ಲಿದ್ದರೆ ಮಗಳಲ್ಲಿ ಬರುವ ಸಂಭವವೂ ಹೆಚ್ಚು.

ಲಕ್ಷಣಗಳನ್ನು ನಿಮ್ಮಲ್ಲಿ ಅನೇಕರು ಬಲ್ಲಿರಿ. ನಾಡಿ ಮಿಡಿದಂತೆ ಬಡಿಯುವ ನೋವು, ಹೊಟ್ಟೆ ತೊಳಸುವಿಕೆ, ಬೆಳಕನ್ನೂ ಸದ್ದನ್ನೂ ಸಹಿಸಲಾಗದಿರುವುದು, ಮೆಟ್ಟಿಲು ಹತ್ತಿದರೆ ನೋವು ಇಮ್ಮಡಿಸುವುದು. ದೊಡ್ಡವರಲ್ಲಿ ಮದ್ದು ತೆಗೆದುಕೊಳ್ಳದಿದ್ದರೆ 4 ಗಂಟೆಯಿಂದ 72 ಗಂಟೆಯವರೆಗೆ ಇರುತ್ತದೆ. ಮಕ್ಕಳಲ್ಲಿ ಮಾತ್ರ ಚಿತ್ರ ತುಸು ಬೇರೆ, ನಾವು ಎಡವಿದ್ದೂ ಇಲ್ಲಿಯೇ. ಅವರ ನೋವು ಅರೆತಲೆಯದಾಗಿರದೆ ಹಣೆಯ ಎರಡೂ ಬದಿಗೆ ಹರಡಿರಬಹುದು. ಒಂದೆರಡು ಗಂಟೆಯಲ್ಲಿ ನಿದ್ದೆ ಮಾಡಿ ಎದ್ದರೆ ಮಾಯವಾಗಿರಬಹುದು. ಮುಖ ಬಿಳಿಚಿಕೊಳ್ಳುತ್ತದೆ. ಕೆಲವು ಎಳೆಯ ಮಕ್ಕಳಲ್ಲಿ ತಲೆಯೇ ನೋಯದೆ ಹೊಟ್ಟೆನೋವಾಗಿ ಕಾಣಿಸಿಕೊಳ್ಳುವುದೂ ಉಂಟು. ಮಧ್ಯಾಹ್ನ ಮಲಗಿ ಸಂಜೆ ಆಡಿದ ಮಗು ಸುಳ್ಳು ಹೇಳಿತ್ತೆಂದು ತಿಳಿಯಬೇಕಾಗಿಲ್ಲ. ಈ ಕಾಯಿಲೆಯ ನಡೆಯೇ ಹಾಗೆ.

ಇನ್ನು ತಲೆಯ ಒಳಗೆ ನಡೆಯುವುದೇನು? ಮಿದುಳಿನ ತಿರುಳಿಗೆ ನೋವು ತಿಳಿಯುವುದಿಲ್ಲ ಎಂದು ಕೇಳಿದಾಗ ನಮಗೆ ಆಶ್ಚರ್ಯವಾಯಿತು. ನೋವು ತಿಳಿಯುವುದು ಮಿದುಳನ್ನು ಸುತ್ತಿರುವ ಪೊರೆಗಳಿಗೆ, ಆ ಪೊರೆಗಳಲ್ಲಿ ಹರಿಯುವ ರಕ್ತನಾಳಗಳಿಗೆ. ಅವುಗಳಿಂದ ಸುದ್ದಿ ಒಯ್ಯುವುದು ಟ್ರೈಜೆಮಿನಲ್ ಎಂಬ ನರ, ಮುಖಕ್ಕೂ ಹಣೆಗೂ ಹಲ್ಲಿಗೂ ಸ್ಪರ್ಶಜ್ಞಾನ ಕೊಡುವ ಮೂರು ಕವಲಿನ ನರವದು. ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿ ಅಮೆರಿಕದ ಹೆರಾಲ್ಡ್ ವುಲ್ಫ್ ಎಂಬ ವೈದ್ಯರು ರಕ್ತನಾಳಗಳು ಹಿಗ್ಗುವುದೇ ಮೈಗ್ರೇನಿನ ಮೂಲವೆಂದು ಪ್ರತಿಪಾದಿಸಿದ್ದರು. ಬಹುಕಾಲ ಎಲ್ಲರೂ ಅದನ್ನೇ ನಂಬಿದ್ದರು. ನಾಳಕ್ಕಿಂತ ಅದನ್ನು ಸುತ್ತಿದ ನರದತ್ತ ನೋಡಬೇಕೆಂದು 1979ರಲ್ಲಿ ಹೇಳಿದವರು ಮೈಕೆಲ್ ಮಾಸ್ಕೊವಿಟ್ಸ್.

ನರವೆಂದರೆ ಸುದ್ದಿಯನ್ನು ಮೇಲಕ್ಕೆ ಮಾತ್ರ ಒಯ್ಯುವ ತಂತಿಯೆಂದು ನಾವು ವಿಜ್ಞಾನದ ಪಾಠದಲ್ಲಿ ಹೇಳಿಕೊಡುತ್ತೇವೆ. ಈ ನರ ಹಾಗಲ್ಲ. ಕೆರಳಿದಾಗ ತನ್ನ ತುದಿಗಳಿಂದಲೇ ಕೆಲವು ರಾಸಾಯನಿಕಗಳನ್ನು ಪೊರೆಯೊಳಗೆ ಚೆಲ್ಲುತ್ತದೆ. ಅವುಗಳಲ್ಲಿ ಮುಖ್ಯವಾದದ್ದು ಸಿ.ಜಿ.ಆರ್.ಪಿ. ಎಂಬ ಸಣ್ಣ ಪ್ರೋಟೀನು. ಇದು ರಕ್ತನಾಳವನ್ನು ಹಿಗ್ಗಿಸುತ್ತದೆ. ಇದರ ಜೊತೆಗೆ ಹೊರಬೀಳುವ ಇತರ ವಸ್ತುಗಳಿಂದ ನಾಳದ ಗೋಡೆ ಸಡಿಲಗೊಂಡು ರಕ್ತದ ದ್ರವಾಂಶ ಜಿನುಗುತ್ತದೆ. ಪೊರೆಯಲ್ಲಿ ಕಾವಲಿಗೆ ಕುಳಿತಿರುವ ಮಾಸ್ಟ್ ಕೋಶಗಳು ಒಡೆದು ಹಿಸ್ಟಮಿನ್ ಮೊದಲಾದವನ್ನು ಬಿಡುತ್ತವೆ. ಅದರಿಂದ ನರ ಇನ್ನಷ್ಟು ಕೆರಳುತ್ತದೆ. ಕಾಲಿಗೆ ಮುಳ್ಳು ಚುಚ್ಚಿ ಕೀವಾಗುವಾಗ ಆಗುವ ಕೆಂಪು, ಬಿಸಿ, ಬಾವು, ನೋವುಗಳಿಗೆ ಉರಿಯೂತ ಎನ್ನುತ್ತೇವಷ್ಟೆ? ಇದೂ ಒಂದು ಬಗೆಯ ಉರಿಯೂತವೇ. ಆದರೆ ಇಲ್ಲಿ ಮುಳ್ಳೂ ಇಲ್ಲ, ಕ್ರಿಮಿಯೂ ಇಲ್ಲ. ಬೆಂಕಿ ಹಚ್ಚಿದ್ದು ನರವೇ. ಆದ್ದರಿಂದಲೇ ಜ್ವರಮಾಪಕ ಏನನ್ನೂ ತೋರಿಸುವುದಿಲ್ಲ, ಸಾಮಾನ್ಯ ರಕ್ತಪರೀಕ್ಷೆಯೂ ಏನನ್ನೂ ಹೇಳುವುದಿಲ್ಲ. ಹಣೆ ಮುಟ್ಟಿ ನೋಡಿ ತಣ್ಣಗಿದೆಯೆಂದು ನಾವು ಕೊಟ್ಟ ತೀರ್ಪಿಗೆ ಬೆಲೆಯೆಷ್ಟೆಂದು ಇದರಿಂದ ತಿಳಿಯಿತು.

1990ರಲ್ಲಿ ಪೀಟರ್ ಗೋಡ್ಸ್‌ಬಿ ಮತ್ತು ಲಾರ್ಸ್ ಎಡ್ವಿನ್ಸನ್ ಅವರು ಮೈಗ್ರೇನ್ ಬಂದವರ ಕೊರಳಿನ ರಕ್ತನಾಳದ ರಕ್ತದಲ್ಲಿ ಈ ಸಿ.ಜಿ.ಆರ್.ಪಿ. ಏರಿರುವುದನ್ನು ತೋರಿಸಿದರು. ಮುಂದೆ ಡೆನ್ಮಾರ್ಕಿನಲ್ಲಿ ಇದನ್ನೇ ರೋಗಿಗಳ ರಕ್ತಕ್ಕೆ ಹಾಯಿಸಿದಾಗ ಮೈಗ್ರೇನಿನಂತಹ ನೋವೇ ಬಂದಿತು. ಇದನ್ನು ತಡೆಯುವ ಚುಚ್ಚುಮದ್ದಿಗೆ 2018ರಲ್ಲಿ ಅಮೆರಿಕದಲ್ಲಿ ಮೊದಲ ಅನುಮತಿ ದೊರೆಯಿತು. 2021ರಲ್ಲಿ ಮಾಸ್ಕೊವಿಟ್ಸ್, ಗೋಡ್ಸ್‌ಬಿ, ಎಡ್ವಿನ್ಸನ್ ಮತ್ತು ಯೆಸ್ ಓಲೆಸನ್ ಈ ನಾಲ್ವರಿಗೂ ಮಿದುಳಿನ ಅಧ್ಯಯನಕ್ಕೆ ಮೀಸಲಾದ ದೊಡ್ಡ ಪುರಸ್ಕಾರವಾದ ಬ್ರೈನ್ ಪ್ರೈಸ್ ಸಂದಿತು.

ನರವನ್ನು ಮೊದಲು ಕೆರಳಿಸುವುದು ಯಾವುದು ಎಂಬ ಪ್ರಶ್ನೆಗೆ ಒಂದೇ ಉತ್ತರ ಇನ್ನೂ ದೊರೆತಿಲ್ಲ. ಒಂದು ಎಳೆ ಮಾತ್ರ ಬಹಳ ಸ್ವಾರಸ್ಯದ್ದು. 1944ರಲ್ಲಿ ಬ್ರೆಜಿಲಿನ ಅರಿಸ್ಟಿಡಿಸ್ ಲಿಯಾವ್ ಎಂಬವರು ಮಿದುಳಿನ ಮೇಲ್ಪದರದಲ್ಲಿ ನಿಮಿಷಕ್ಕೆ ಮೂರು ಮಿಲಿಮೀಟರಿನಷ್ಟು ನಿಧಾನವಾಗಿ ಹರಡುವ ಒಂದು ವಿದ್ಯುತ್ ಅಲೆಯನ್ನು ಗುರುತಿಸಿದರು. ಅದು ಹಾದುಹೋದೆಡೆ ಕೋಶಗಳು ಕೆಲಕಾಲ ಸ್ತಬ್ಧವಾಗುತ್ತವೆ. ಕೆಲವರಿಗೆ ನೋವಿಗೆ ಮುನ್ನ ಕಣ್ಣೆದುರು ಅಂಕುಡೊಂಕಾದ ಮಿನುಗುಗೆರೆಗಳು ತೋರಿ ಮೆಲ್ಲಮೆಲ್ಲನೆ ಸರಿಯುತ್ತವಲ್ಲ, ಅದು ಈ ಅಲೆಯ ಹೆಜ್ಜೆಗುರುತೆಂದು ಇಂದು ತಿಳಿಯಲಾಗಿದೆ. ಟರ್ಕಿಯ ವಿಜ್ಞಾನಿಗಳು 2013ರಲ್ಲಿ ಇಲಿಗಳ ಮೇಲೆ ನಡೆಸಿದ ಪ್ರಯೋಗದಲ್ಲಿ, ಈ ಅಲೆಗೆ ಸಿಲುಕಿದ ನರಕೋಶಗಳು ತಮ್ಮ ಗೋಡೆಯಲ್ಲಿ ಒಂದು ಬಗೆಯ ರಂಧ್ರವನ್ನು ತೆರೆದು ಅಪಾಯದ ಸಂಕೇತಗಳನ್ನು ಹೊರಬಿಡುವುದನ್ನೂ, ಆ ಸಂಕೇತ ನೆರೆಯ ಕೋಶಗಳನ್ನು ದಾಟಿ ಪೊರೆಯ ನರವನ್ನು ಮುಟ್ಟುವುದನ್ನೂ ಕಂಡರು. ಒಂದು ಮನೆಯಲ್ಲಿ ಕೂಗೆದ್ದರೆ ನೆರೆಮನೆಯವರು ಬೇಲಿ ದಾಟಿ ಬಂದು ಊರ ಕಾವಲುಗಾರನನ್ನು ಎಬ್ಬಿಸಿದಂತೆ.

ಇಲ್ಲೊಂದು ಎಚ್ಚರಿಕೆಯ ಮಾತನ್ನೂ ಸೇರಿಸಬೇಕು. ಉರಿಯೂತವೇ ಎಲ್ಲದಕ್ಕೂ ಕಾರಣವೆಂದು ನಂಬಿ, ನಾಳದಿಂದ ದ್ರವ ಜಿನುಗುವುದನ್ನು ತಡೆಯುವ ಔಷಧಗಳನ್ನು ಹಿಂದೆ ತಯಾರಿಸಿದ್ದರು. ಪ್ರಾಣಿಗಳಲ್ಲಿ ಚೆನ್ನಾಗಿ ಕೆಲಸ ಮಾಡಿದ ಅವು ಮನುಷ್ಯರ ಮೈಗ್ರೇನಿನಲ್ಲಿ ಸೋತವು. ಉರಿಯೂತ ಕಥೆಯ ಒಂದು ಅಧ್ಯಾಯ, ಇಡೀ ಗ್ರಂಥವಲ್ಲ.

ಮತ್ತೊಂದು ಅಧ್ಯಾಯದ ಹೆಸರು ಉತ್ಕರ್ಷಣ ಒತ್ತಡ. ಹೆಸರು ಕಠಿಣ, ಸಂಗತಿ ನಮ್ಮ ಅಡುಗೆಮನೆಯದೇ. ಕರಿದು ಉಳಿದ ಎಣ್ಣೆಯನ್ನು ತಿಂಗಳುಗಟ್ಟಲೆ ಇಟ್ಟರೆ ಕಮಟು ವಾಸನೆ ಬರುತ್ತದೆ. ಗಾಳಿಯ ಆಮ್ಲಜನಕ ಎಣ್ಣೆಯ ಕೊಬ್ಬನ್ನು ಮುರಿಯುವುದರಿಂದ ಹಾಗಾಗುತ್ತದೆ. ಜೀವಕೋಶದ ಗೋಡೆಯೂ ಕೊಬ್ಬಿನದೇ. ಆಹಾರವನ್ನು ಶಕ್ತಿಯಾಗಿಸುವ ಮೈಟೋಕಾಂಡ್ರಿಯ ಎಂಬ ಒಲೆಗಳು ನಮ್ಮ ಬಹುತೇಕ ಎಲ್ಲ ಕೋಶಗಳಲ್ಲೂ ಉರಿಯುತ್ತಿರುತ್ತವೆ. ಒಲೆಯಿಂದ ಕಿಡಿ ಹಾರುವಂತೆ ಅವುಗಳಿಂದ ಮುಕ್ತ ರಾಡಿಕಲ್‌ಗಳೆಂಬ ಹರಿತವಾದ ಅಣುಗಳು ಹಾರುತ್ತವೆ. ದೇಹವೇ ಅವನ್ನು ಆರಿಸುವ ವ್ಯವಸ್ಥೆ ಮಾಡಿಕೊಂಡಿದೆ. ಕಿಡಿ ಹೆಚ್ಚಾಗಿ ಆರಿಸುವ ಕೈ ಸೋತಾಗ ಉಂಟಾಗುವ ಸ್ಥಿತಿಯೇ ಉತ್ಕರ್ಷಣ ಒತ್ತಡ. ದೇಹದ ತೂಕದಲ್ಲಿ ಕೇವಲ ನೂರಕ್ಕೆ ಎರಡರಷ್ಟಿರುವ ಮಿದುಳು ನಾವು ಬಳಸುವ ಆಮ್ಲಜನಕದಲ್ಲಿ ನೂರಕ್ಕೆ ಇಪ್ಪತ್ತರಷ್ಟನ್ನು ಬಳಸುತ್ತದೆ. ಅಷ್ಟು ದೊಡ್ಡ ಒಲೆಯ ಬಳಿ ಕಿಡಿಯ ಭಯವೂ ಅಷ್ಟೇ ಹೆಚ್ಚು. ಮೈಗ್ರೇನ್ ಇರುವವರ ರಕ್ತದಲ್ಲಿ, ಕಮಟಾದ ಎಣ್ಣೆಯಲ್ಲಿ ಕಾಣುವಂತಹುದೇ ಕೊಬ್ಬಿನ ಮುರುಕುಗಳು ಹೆಚ್ಚಿರುವುದನ್ನು ಹಲವು ಅಧ್ಯಯನಗಳು ಕಂಡಿವೆ. ಎಲ್ಲ ಅಧ್ಯಯನಗಳೂ ಒಂದೇ ಮಾತು ಹೇಳುವುದಿಲ್ಲವೆಂಬುದನ್ನೂ ಹೇಳಬೇಕು.

ಇದಕ್ಕೊಂದು ಹಳೆಯ ಸಾಕ್ಷಿಯಿದೆ. ಇಟಲಿಯ ಅಸ್ಕಾನಿಯೊ ಸೊಬ್ರೆರೊ 1847ರ ಸುಮಾರಿಗೆ ನೈಟ್ರೋಗ್ಲಿಸರಿನ್ ತಯಾರಿಸಿದಾಗ ಅದರ ತುಣುಕನ್ನು ನಾಲಗೆಗೆ ಮುಟ್ಟಿಸಿ ನೋಡಿ, ತಲೆ ಒಡೆಯುವಂತಹ ನೋವಾಯಿತೆಂದು ಬರೆದಿಟ್ಟರು. ಮುಂದೆ ಡೈನಮೈಟ್ ಕಾರ್ಖಾನೆಗಳ ಕೆಲಸಗಾರರು ಭಾನುವಾರದ ರಜೆ ಮುಗಿಸಿ ಸೋಮವಾರ ಬಂದರೆ ತಲೆನೋವಿನಿಂದ ನರಳುತ್ತಿದ್ದರು. ಆ ವಸ್ತು ದೇಹದಲ್ಲಿ ನೈಟ್ರಿಕ್ ಆಕ್ಸೈಡ್ ಬಿಡುತ್ತದೆ. ನೈಟ್ರಿಕ್ ಆಕ್ಸೈಡ್ ತಾನೇ ಒಂದು ಮುಕ್ತ ರಾಡಿಕಲ್. ಕೋಪನ್‌ಹೇಗನ್ನಿನಲ್ಲಿ ಓಲೆಸನ್ ಅವರ ತಂಡ ಇದನ್ನು ಹಾಯಿಸಿ ನೋಡಿದಾಗ ಆರೋಗ್ಯವಂತರಿಗೆ ಅಲ್ಪ ತಲೆನೋವು ಬಂದು ಹೋಯಿತು. ಮೈಗ್ರೇನ್ ಇರುವವರಿಗೆ ಕೆಲವು ಗಂಟೆ ಕಳೆದ ಮೇಲೆ ಪೂರ್ಣಪ್ರಮಾಣದ ನೋವೇ ಬಂತು. ಕಿಡಿ ಒಂದೇ, ಒಣಗಿದ ಹುಲ್ಲು ಯಾರ ಅಂಗಳದಲ್ಲಿದೆ ಎಂಬುದೇ ವ್ಯತ್ಯಾಸ.

ಅಮೆರಿಕದ ಮೇಯ್ನ್ ರಾಜ್ಯದ ಜೊನಾಥನ್ ಬೋರ್ಕಮ್ ಎಂಬ ಮನಃಶಾಸ್ತ್ರಜ್ಞರು 2016ರಲ್ಲಿ ಬರೆದ ಒಂದು ಲೇಖನ ನಮ್ಮನ್ನು ಬಹಳ ಯೋಚನೆಗೆ ಹಚ್ಚಿತು. ಮೈಗ್ರೇನನ್ನು ಪ್ರಚೋದಿಸುತ್ತವೆಂದು ಜನ ಹೇಳುವ ಸಂಗತಿಗಳು ಒಂದಕ್ಕೊಂದು ಸಂಬಂಧವಿಲ್ಲದವು: ನಿದ್ದೆಗೇಡು, ಊಟ ತಪ್ಪಿಸುವುದು, ಗದ್ದಲ, ಮನಸ್ಸಿನ ಒತ್ತಡ, ಹೊಗೆ, ಮದ್ಯ. ಇವುಗಳಲ್ಲಿ ಹೆಚ್ಚಿನವೆಲ್ಲ ಮಿದುಳಿನಲ್ಲಿ ಉತ್ಕರ್ಷಣ ಒತ್ತಡವನ್ನು ಉಂಟುಮಾಡಬಲ್ಲವು ಎಂದು ಅವರು ಹಿಂದಿನ ಅಧ್ಯಯನಗಳನ್ನು ಕಲೆಹಾಕಿ ತೋರಿಸಿದರು. ಪೊರೆಯ ನೋವಿನ ನರಗಳ ತುದಿಯಲ್ಲಿ ಉತ್ಕರ್ಷಣಕಾರಿ ಅಣುಗಳನ್ನು ಮೂಸಿ ನೋಡುವ ಒಂದು ಬಾಗಿಲಿದೆ. ಒಗ್ಗರಣೆಯ ಸಾಸಿವೆಯ ಘಾಟು, ಒದ್ದೆ ಸೌದೆಯ ಹೊಗೆ ಇವೂ ಅದೇ ಬಾಗಿಲನ್ನು ತಟ್ಟುತ್ತವೆ. ಬಾಗಿಲು ತೆರೆದರೆ ಸಿ.ಜಿ.ಆರ್.ಪಿ. ಹೊರಬರುತ್ತದೆ, ಮೊದಲು ಹೇಳಿದ ಉರಿಯೂತ ಆರಂಭವಾಗುತ್ತದೆ. ಎರಡು ಅಧ್ಯಾಯಗಳು ಕೂಡುವುದು ಇಲ್ಲಿ. ಬೋರ್ಕಮ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮೈಗ್ರೇನ್ ಎಂಬುದು ಬಳಲಿದ ಮಿದುಳು ತನ್ನನ್ನು ಕಾಪಾಡಿಕೊಳ್ಳಲು ಮಾಡುವ ಪ್ರಯತ್ನವೇ ಇರಬಹುದೇ ಎಂದು ಕೇಳುತ್ತಾರೆ. ಸಾಬೀತಾದ ಮಾತಲ್ಲ, ಒಂದು ಊಹೆ. ಆದರೂ ಕತ್ತಲಲ್ಲಿ, ಸದ್ದಿಲ್ಲದೆಡೆ, ಅಲುಗಾಡದೆ ಮಲಗೆಂದು ಒತ್ತಾಯಿಸುವ ಬೇರೆ ಕಾಯಿಲೆ ಯಾವುದಿದೆ? ಮೇಜಿನ ಮೇಲೆ ತಲೆಯಿಟ್ಟ ಹುಡುಗಿ ತನ್ನ ಮಿದುಳು ಕೇಳಿದ್ದನ್ನೇ ಮಾಡುತ್ತಿದ್ದಳೇನೋ. ಅವಳನ್ನು ಬಿಸಿಲಿಗೆ ಮುಖ ಮಾಡಿ ನಿಲ್ಲಿಸಿದವರು ನಾವು.

ಹಾಗಾದರೆ ಒಲೆಯನ್ನು ಸರಿಪಡಿಸುವ ಮದ್ದಿದೆಯೇ ಎಂಬುದು ಸಹಜ ಪ್ರಶ್ನೆ. ಬೆಲ್ಜಿಯಂನಲ್ಲಿ 1998ರಲ್ಲಿ 55 ಮಂದಿ ವಯಸ್ಕರಿಗೆ ಮೂರು ತಿಂಗಳ ಕಾಲ ಪ್ರಯೋಗ ನಡೆಯಿತು. ಮೈಟೋಕಾಂಡ್ರಿಯಕ್ಕೆ ಬೇಕಾದ ಬಿ2 ಜೀವಸತ್ವವನ್ನು ದಿನಕ್ಕೆ 400 ಮಿಲಿಗ್ರಾಂ ಪಡೆದವರಲ್ಲಿ ಶೇಕಡಾ 59 ಮಂದಿಗೆ ನೋವು ಅರ್ಧಕ್ಕರ್ಧ ಇಳಿಯಿತು. ಸುಳ್ಳು ಮಾತ್ರೆ ಪಡೆದವರಲ್ಲಿ ಶೇಕಡಾ 15 ಮಂದಿಗೆ ಮಾತ್ರ. ಕೇಳಲು ಬಲು ಹಿತವಾದ ಸುದ್ದಿ. ಆದರೆ ಮಕ್ಕಳ ಮೇಲೆ ಅದನ್ನೇ ಪರೀಕ್ಷಿಸಿದಾಗ ಸುಳ್ಳು ಮಾತ್ರೆಗಿಂತ ಹೆಚ್ಚಿನ ಗುಣ ಸ್ಪಷ್ಟವಾಗಿ ಕಾಣಲಿಲ್ಲ. 2017ರಲ್ಲಿ ಅಮೆರಿಕದಲ್ಲಿ ಮಕ್ಕಳಿಗೆ ಸಾಮಾನ್ಯವಾಗಿ ಕೊಡುವ ಎರಡು ತಡೆಮದ್ದುಗಳನ್ನು ಪರೀಕ್ಷಿಸಿದಾಗಲೂ ಸುಳ್ಳು ಮಾತ್ರೆಯ ಗುಂಪಿನಲ್ಲಿಯೇ ಶೇಕಡಾ 61 ಮಕ್ಕಳು ಸುಧಾರಿಸಿದರು. ಯಾರೋ ಲೆಕ್ಕವಿಡುತ್ತಾರೆ, ಕೇಳುತ್ತಾರೆ, ನಂಬುತ್ತಾರೆ ಎಂಬುದೇ ಮಗುವಿಗೆ ಎಷ್ಟು ಬಲ ಕೊಡುತ್ತದೆಂಬುದು ಇದರಿಂದ ನಮಗೆ ಹೊಳೆಯಿತು. ತಜ್ಞರು ಇದನ್ನು ಬೇರೆ ರೀತಿಯಲ್ಲಿ ವಿವರಿಸಬಹುದು. ಜೀವಸತ್ವದ ಡಬ್ಬಿಯನ್ನು ಅಂಗಡಿಯಿಂದ ತಂದು ಮಕ್ಕಳಿಗೆ ಕೊಡುವ ಮೊದಲು ವೈದ್ಯರನ್ನು ಕೇಳಿ.

ಊಟದ ವಿಚಾರದಲ್ಲಿ ನಮ್ಮ ಕರಾವಳಿಗೆ ತುಸು ಸಂತೋಷದ ಸುದ್ದಿಯೊಂದಿದೆ. 2021ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗದಲ್ಲಿ 182 ಮಂದಿ ವಯಸ್ಕ ರೋಗಿಗಳ ಊಟದಲ್ಲಿ ಮೀನಿನ ಒಮೇಗಾ-3 ಕೊಬ್ಬನ್ನು ಹೆಚ್ಚಿಸಿ, ಸೂರ್ಯಕಾಂತಿ, ಸೋಯಾ ಮುಂತಾದ ಎಣ್ಣೆಗಳಲ್ಲಿರುವ ಒಮೇಗಾ-6 ಕೊಬ್ಬನ್ನು ಇಳಿಸಿದರು. ಎರಡನ್ನೂ ಮಾಡಿದ ಗುಂಪಿನಲ್ಲಿ ತಿಂಗಳಿಗೆ ಸುಮಾರು ನಾಲ್ಕು ನೋವಿನ ದಿನಗಳು ಕಡಿಮೆಯಾದವು. ಬೂತಾಯಿ, ಬಂಗುಡೆಗಳು ಆ ಕೊಬ್ಬಿನಲ್ಲಿ ಸಮೃದ್ಧ. ಮೀನು ತಿನ್ನದ ಮನೆಯವರು ಅಗಸೆ ಬೀಜದ ಹೆಸರು ಹೇಳುತ್ತಾರೆ. ಅದರಲ್ಲಿರುವುದು ಬೇರೆ ಬಗೆಯ ಒಮೇಗಾ-3. ದೇಹ ಅದನ್ನು ಮೀನಿನ ಬಗೆಗೆ ಪರಿವರ್ತಿಸಿಕೊಳ್ಳುವುದು ಅತ್ಯಲ್ಪ. ಅರಿಶಿನದ ಕುರಿತೂ ಸಣ್ಣಪುಟ್ಟ ಪ್ರಯೋಗಗಳು ನಡೆದಿವೆ. ಸಾರಿಗೆ ಹಾಕುವ ಚಿಟಿಕೆ ಅರಿಶಿನದಿಂದ ಮೈಗ್ರೇನ್ ಹೋಗುತ್ತದೆಂದು ಯಾರಾದರೂ ಹೇಳಿದರೆ ನಕ್ಕು ಸುಮ್ಮನಾಗಬಹುದು.

ನಗುವಂತಿಲ್ಲದ ವಿಷಯ ಮಾತ್ರೆಯದು. ತಲೆನೋವಿಗೆ ಅಂಗಡಿಯಿಂದ ಮಾತ್ರೆ ತಂದು ನುಂಗುವುದು ಅಧ್ಯಾಪಕರ ಕೊಠಡಿಯಲ್ಲೂ ರೂಢಿ. ಸಾಮಾನ್ಯ ನೋವಿನ ಮಾತ್ರೆಯನ್ನು ತಿಂಗಳಿಗೆ 15 ದಿನ ಅಥವಾ ಹೆಚ್ಚು, ಹಲವು ಮದ್ದುಗಳ ಮಿಶ್ರಣದ ಮಾತ್ರೆಯನ್ನು 10 ದಿನ ಅಥವಾ ಹೆಚ್ಚು, ಹೀಗೆ ತಿಂಗಳುಗಟ್ಟಲೆ ನುಂಗಿದರೆ ಮಾತ್ರೆಯೇ ತಲೆನೋವಿನ ಕಾರಣವಾಗುತ್ತದೆ. ಮಕ್ಕಳಿಗೆ ವೈದ್ಯರು ಹೇಳದೆ ಆಸ್ಪಿರಿನ್ ಕೊಡಲೇಬಾರದು. ಇನ್ನು, ಎಲ್ಲ ತಲೆನೋವೂ ಮೈಗ್ರೇನ್ ಅಲ್ಲ. ಸಿಡಿಲೆರಗಿದಂತೆ ಒಮ್ಮೆಲೇ ಬಂದ ನೋವು, ಜ್ವರದೊಡನೆ ಕತ್ತು ಬಿಗಿಯುವುದು, ಕೈಕಾಲು ಸೋಲುವುದು, ಮಾತು ತೊದಲುವುದು, ಅಪಸ್ಮಾರ, ತಲೆಗೆ ಪೆಟ್ಟು ಬಿದ್ದ ಬಳಿಕದ ನೋವು, ದಿನದಿನಕ್ಕೆ ಏರುತ್ತ ಬೆಳಗಿನ ಹೊತ್ತು ವಾಂತಿ ತರಿಸುವ ನೋವು, ಇವುಗಳಲ್ಲಿ ಯಾವುದು ಕಂಡರೂ ಕತ್ತಲೆ ಕೋಣೆಯ ಮಾತು ಬಿಟ್ಟು ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಆ ಎಂಟನೆಯ ತರಗತಿಯ ಹುಡುಗಿಗೆ ವೈದ್ಯರು ಒಂದು ನೋಟುಪುಸ್ತಕವಿಡಲು ಹೇಳಿದ್ದರು. ಅವಳ ಅನುಮತಿ ಪಡೆದು ಅದರ ಒಂದು ಪುಟವನ್ನು ಓದಿದೆವು: "ಇವತ್ತು ಬಲಗಡೆ. ನಾಲ್ಕನೇ ಪೀರಿಯಡ್. ಬೆಳಗ್ಗೆ ಬಸ್ಸು ತಪ್ಪುತ್ತದೆಂದು ತಿಂಡಿ ತಿಂದಿಲ್ಲ. ಹೊರಗೆ ಚೆಂಡೆ ಅಭ್ಯಾಸ." ಕಲೋತ್ಸವಕ್ಕೆ ಯಕ್ಷಗಾನದ ತಯಾರಿ ನಡೆಯುತ್ತಿದ್ದ ದಿನಗಳವು, ರಾತ್ರಿ ತಡವಾಗಿ ಮಲಗಿದ ಲೆಕ್ಕವೂ ಹಿಂದಿನ ಪುಟದಲ್ಲಿತ್ತು. ಮೂರು ತಿಂಗಳ ಪುಟಗಳನ್ನು ತಿರುವಿದಾಗ ಚೆಂಡೆಗಿಂತ ಹೆಚ್ಚು ಬಾರಿ ಕಂಡದ್ದು ತಪ್ಪಿದ ತಿಂಡಿ. ಹಾಗೆಂದು ಪಟ್ಟಿಯಲ್ಲಿರುವುದೆಲ್ಲ ಕಾರಣವೇ ಆಗಬೇಕಿಲ್ಲವೆಂದು ವೈದ್ಯರು ತಿಳಿಸಿದರು. ನೋವಿಗೆ ಹಲವು ಗಂಟೆ ಮುಂಚೆಯೇ ಆಕಳಿಕೆ, ಕತ್ತು ಬಿಗಿತ, ಸಿಹಿ ತಿನ್ನುವ ಆಸೆ, ಸದ್ದಿನ ಬಗ್ಗೆ ಸಿಡುಕು ಬರುವುದುಂಟು. ಚಾಕಲೇಟು ತಿಂದದ್ದರಿಂದ ನೋವು ಬಂತೆಂದು ನಾವು ಅನ್ನುತ್ತೇವೆ. ನೋವು ಆಗಲೇ ಹೊರಟಿದ್ದರಿಂದ ಚಾಕಲೇಟು ಬೇಕೆನಿಸಿರಲೂಬಹುದು. ಪರೀಕ್ಷೆಯ ಹಿಂದಿನ ರಾತ್ರಿ ನಿದ್ದೆಗೆಟ್ಟು, ಬೆಳಗ್ಗೆ ಉಣ್ಣದೆ, ಅಂಜಿ ಬಂದ ಮಗುವಿಗೆ ಗಣಿತದ ದಿನವೇ ತಲೆ ಸಿಡಿಯುವುದರಲ್ಲಿ ಯಾವ ಕಪಟವಿದೆ?

ಕಳೆದ ವರ್ಷದಿಂದ ಕೆಲವು ಸಣ್ಣ ಬದಲಾವಣೆ ಮಾಡಿದ್ದೇವೆ. ಪಶ್ಚಿಮದ ಕೋಣೆಯ ಕರಿಹಲಗೆಯನ್ನು ಎದುರು ಗೋಡೆಗೆ ಸರಿಸಿದ್ದೇವೆ. ಎಂಬತ್ತು ವರ್ಷ ಯಾರಿಗೂ ಹೊಳೆಯದ ಕೆಲಸ ಅರ್ಧ ದಿನದಲ್ಲಿ ಮುಗಿಯಿತು. ಪೀರಿಯಡಿನ ನಡುವೆ ನೀರು ಕುಡಿಯಲು ಕೇಳಿದರೆ ಬೇಡವೆನ್ನುವುದಿಲ್ಲ. ತಿಂಡಿಯಿಲ್ಲದೆ ಬಂದ ಮಕ್ಕಳಿಗೆ ಮೊದಲ ಬಿಡುವಿನಲ್ಲಿ ಅಡುಗೆಯವರು ಏನಾದರೂ ಕೊಡುತ್ತಾರೆ. ಬಡಗು ಬದಿಯ ಹಳೆಯ ದಾಸ್ತಾನು ಕೋಣೆಯನ್ನು ಬರಿದು ಮಾಡಿ ಒಂದು ಮಂಚ, ಒಂದು ಬಾಲ್ದಿ, ಒಂದು ಹೂಜಿ ನೀರಿಟ್ಟಿದ್ದೇವೆ. ವೈದ್ಯರು ಬರೆದುಕೊಟ್ಟ ಮದ್ದನ್ನು ರಕ್ಷಕರ ಒಪ್ಪಿಗೆಯೊಡನೆ ಕಚೇರಿಯಲ್ಲಿಡುತ್ತೇವೆ, ನೋವು ಶುರುವಾದ ಕೂಡಲೇ ಕೊಡುತ್ತೇವೆ. ಏರಿದ ಮೇಲೆ ಕೊಟ್ಟರೆ ಫಲ ಕಡಿಮೆ. ಕೋಣೆಯ ದುರುಪಯೋಗವಾದೀತೆಂದು ಅಧ್ಯಾಪಕರ ಸಭೆಯಲ್ಲಿ ಅಂಜಿದವರಿದ್ದರು. ದುರುಪಯೋಗ ಆಗಿಯೂ ಆಯಿತು: ಫುಟ್ಬಾಲಿನ ಪಂದ್ಯವನ್ನು ರಾತ್ರಿಯಿಡೀ ನೋಡಿದ ಇಬ್ಬರು ಮಹನೀಯರು ಮರುದಿನ ಅಲ್ಲಿ ಗೊರಕೆ ಹೊಡೆದರು. ಇಬ್ಬರಿಗೋಸ್ಕರ ಬಾಗಿಲು ಮುಚ್ಚಲಿಲ್ಲ.

ಹಳೆ ವಿದ್ಯಾರ್ಥಿಗಳು ಶತಮಾನೋತ್ಸವದ ನೆನಪಿಗೆ ಮಹಾದ್ವಾರ ಕಟ್ಟಿಸಲು ಹಣ ಕೂಡಿಸಿದ್ದೀರಿ. ಕಟ್ಟಿಸಿ, ಬೇಡವೆನ್ನುವುದಿಲ್ಲ. ಮಿಕ್ಕಿದ್ದರೆ ಆ ಕೋಣೆಗೆ ಸದ್ದು ಮಾಡದ ಫ್ಯಾನೊಂದು, ಸೋರುವ ಹೆಂಚಿಗೊಂದು ದುರಸ್ತಿ ಬೇಕಾಗಿದೆ. ಕಿಟಕಿಗೆ ದಪ್ಪ ಬಟ್ಟೆಯ ಪರದೆ ಆಗಲೇ ಬಂದಿದೆ. ಬಟ್ಟೆ ತಂದವರೂ ಹೊಲಿದು ಕಟ್ಟಿದವರೂ ಆ ತಾಯಿಯೇ. ಅವರು ಈ ಸಭೆಯಲ್ಲಿದ್ದಾರೆ. ಇಪ್ಪತ್ತೆರಡು ವರ್ಷ ತಡವಾಗಿ, ಎಲ್ಲರೆದುರು ಅವರ ಕ್ಷಮೆ ಕೇಳುತ್ತಿದ್ದೇವೆ.